ಏಣಿಯಣ್ಣನ ಮನೆಯ ದೂರು

ನಮ್ಮ ಆಫೀಸಿನಲ್ಲಿ ದೂರು ಕೇಳುವವಳು ನಾನು. ಮನೆಮನೆಗೆ ಇಂಟರ್ನೆಟ್ ಲೈನ್ ಕೊಡುವ ಕಂಪನಿ ನಮ್ಮದು. ಬೇರೆ ಬೇರೆ ಊರುಗಳಲ್ಲೂ ಇಂಥದ್ದೇ ಸಣ್ಣ ಸಣ್ಣ ಆಫೀಸುಗಳಿವೆ. ಲೈನ್ ಹೋದರೆ ಜನ ನನಗೆ ಫೋನ್ ಮಾಡುತ್ತಾರೆ, ಬಾಯಿಗೆ ಬಂದಂತೆ ಬೈಯುತ್ತಾರೆ. ಮೋಡೆಮ್‌ನಲ್ಲಿ ಕೆಂಪು ದೀಪ ಉರಿಯುತ್ತಿದೆಯಾ ನೋಡಿ ಎಂದು ಕೇಳಿದರೆ ಅದಕ್ಕೂ ಬೈಯುತ್ತಾರೆ. ವರ್ಷಗಟ್ಟಲೆ ಬೈಸಿಕೊಂಡು ನಾನು ಕಂಡುಕೊಂಡಿದ್ದು ಇಷ್ಟು: ಗಂಟಲು ಹರಿಯುವಂತೆ ಕೂಗುವವರಿಗೆ ಅಂಥ ದೊಡ್ಡ ತೊಂದರೆಯೇನೂ ಇರುವುದಿಲ್ಲ. ನಿಜವಾಗಿ ತೊಂದರೆಯಲ್ಲಿರುವವರು ಮೆಲ್ಲಗೆ ಮಾತಾಡುತ್ತಾರೆ. ಕೆಲವರು ಫೋನೇ ಮಾಡುವುದಿಲ್ಲ.

ಏಣಿಯಣ್ಣ ನಮ್ಮ ಲೈನ್‌ಮ್ಯಾನ್. ಆ ಹೆಸರಿಟ್ಟವಳು ನಾನೇ. ಆಳು ಬಾಗಿಲಿಗೆ ತಲೆ ಬಡಿಯುವಷ್ಟು ಉದ್ದ, ಹೆಗಲ ಮೇಲೆ ಸದಾ ಅಲ್ಯೂಮಿನಿಯಂ ಏಣಿ. ದೂರದಿಂದ ನೋಡಿದರೆ ಎರಡು ಏಣಿಗಳು ಜೊತೆಯಾಗಿ ನಡೆದು ಬರುವಂತೆ ಕಾಣುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವನ ಗುರುತಿನ ಚೀಟಿಯಲ್ಲಿ ಮಾತ್ರ ಉಳಿದಿದೆ. ಅವನ ಹೆಂಡತಿ ಕೂಡ ಆಫೀಸಿಗೆ ಫೋನ್ ಮಾಡಿದರೆ "ನಿಮ್ಮ ಏಣಿ ಎಲ್ಲಿ ಒರಗಿದೆ?" ಎಂದೇ ಕೇಳುವುದು.

ಕೆಲಸದಲ್ಲಿ ಅವನು ಎತ್ತಿದ ಕೈ. ನಮ್ಮ ಲೈನ್ ಎಂದರೆ ಕೂದಲೆಳೆಯಷ್ಟು ಸಣ್ಣ ಗಾಜಿನ ತಂತಿ. ತುದಿಗೆ ಒಂದಿಷ್ಟು ಧೂಳು ಕೂತರೂ ಇಡೀ ಮನೆಯ ಲೈನ್ ಸತ್ತುಹೋಗುತ್ತದೆ. ಕಂಬದ ಮೇಲೆ ನಿಂತು, ಸೊಂಟಕ್ಕೆ ಬೆಲ್ಟ್ ಬಿಗಿದುಕೊಂಡು, ಆ ತುದಿಯನ್ನು ಅವನು ಎಳೆಗೂಸಿನ ಮುಖ ಒರೆಸುವಂತೆ ಒರೆಸುತ್ತಾನೆ. ಅವನ ಜಂಬ ಒಂದೇ ಒಂದು. ನನ್ನ ಬೀದಿಗಳಲ್ಲಿ ಬೆಳಿಗ್ಗೆ ಹೋದ ಲೈನ್ ಸಂಜೆಯೊಳಗೆ ಬರದೇ ಇದ್ದದ್ದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಾನೆ.

ಕಂಪನಿಯದ್ದು ಒಂದು ಪದ್ಧತಿ ಇದೆ. ಲೈನ್‌ಮ್ಯಾನ್ ಸರಿಯಾಯಿತು ಎಂದ ಮಾತ್ರಕ್ಕೆ ದೂರನ್ನು ಮುಚ್ಚುವ ಹಾಗಿಲ್ಲ. ದೂರು ಕೊಟ್ಟವರಿಗೆ ನಾನು ಫೋನ್ ಮಾಡಿ, ಸರಿಯಾಯಿತು ಎಂದು ಅವರ ಬಾಯಿಂದಲೇ ಕೇಳಬೇಕು. ಆದ್ದರಿಂದ ಏಣಿಯಣ್ಣ ಕಂಬದಿಂದ ಇಳಿದ ಕೂಡಲೇ ನನಗೆ ಹೇಳುವ ಮಾತು ಯಾವಾಗಲೂ ಒಂದೇ: ತಂಗಿ, ಕೇಳಿ ಮುಚ್ಚು.

ಅವನಿಗೆ ಒಬ್ಬಳೇ ಮಗಳು. ಹೈಸ್ಕೂಲಿನ ಕೊನೆಯ ವರ್ಷ. ಮೊದಲೆಲ್ಲ ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬಂದು, ಕೇಬಲ್ ಸುತ್ತಿಟ್ಟ ಮರದ ಉರುಳೆಯ ಮೇಲೆ ಕಾಲು ಮಡಚಿ ಕೂತು ಚಿತ್ರ ಬಿಡಿಸುತ್ತಿದ್ದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ನನ್ನನ್ನು ಬಿಡಿಸಿದಾಗ ಮೂಗನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿದ್ದಳು. ಇಲ್ಲ ಆಂಟಿ, ಚಿಕ್ಕದು ಮಾಡೋಕೆ ತುಂಬಾ ಕಷ್ಟಪಟ್ಟೆ ಎಂದು ನಕ್ಕಿದ್ದಳು. ಆ ಚಿತ್ರ ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ.

ಆಮೇಲೆ ಅವಳು ಬರುವುದು ನಿಂತಿತು. ಬೆಳಿಗ್ಗೆ ಹೊಟ್ಟೆನೋವು ಎನ್ನುತ್ತಾಳೆ ಎಂದು ಏಣಿಯಣ್ಣ ಹೇಳಿದ. ಸ್ವಲ್ಪ ದಿನಕ್ಕೆ ಶಾಲೆಗೆ ಹೋಗುವುದು ನಿಂತಿತು. ನಂತರ ಜೊತೆಗೆ ಕೂತು ಊಟ ಮಾಡುವುದು, ತಲೆ ಬಾಚಿಕೊಳ್ಳುವುದು, ಕಿಟಕಿ ತೆರೆಯುವುದು ಒಂದೊಂದಾಗಿ ನಿಂತವು. ಕೋಣೆಯ ಬಾಗಿಲು ಹಾಕಿಕೊಂಡಳೆಂದರೆ ಮುಗಿಯಿತು. ನೆಂಟರು ಬಿಟ್ಟಿ ಸಲಹೆ ಕೊಡಲು ಸಾಲುಗಟ್ಟಿದರು. ಅವಳ ಸೋದರಮಾವ ಸೋಮಾರಿತನ ಎಂದ, ಯಾರೋ ವಯಸ್ಸು ಎಂದರು, ಇನ್ನು ಯಾರೋ ಮುದ್ದು ಜಾಸ್ತಿಯಾಯಿತು ಎಂದರು. ಡಾಕ್ಟರಿಗೆ ತೋರಿಸು ಅಣ್ಣ ಎಂದು ನಾನು ಹೇಳಿದ್ದಕ್ಕೆ, ನನ್ನ ಮಗಳಿಗೆ ತಲೆ ಕೆಟ್ಟಿಲ್ಲ ಎಂದು ಮುಖ ಗಂಟು ಹಾಕಿಕೊಂಡು ಹೋದ. ಅವತ್ತು ನನಗೆ ಬಂದ ಸಿಟ್ಟಿಗೆ ಅವನ ಏಣಿಯನ್ನು ಬಚ್ಚಿಟ್ಟುಬಿಡೋಣ ಅನ್ನಿಸಿತ್ತು.

ಅವಳ ಹತ್ತಿರ ಇದ್ದದ್ದು ಅಮ್ಮನ ಹಳೆಯ ಫೋನ್. ಸಿಮ್ ಇಲ್ಲ, ಮನೆಯ ಲೈನ್ ಇದ್ದರಷ್ಟೇ ಅದಕ್ಕೆ ಜೀವ. ಅದರಲ್ಲಿ ಚಿತ್ರ ಬಿಡಿಸುವ ಮಕ್ಕಳದ್ದೊಂದು ಗುಂಪಿತ್ತು. ಯಾವ ಯಾವ ಊರಿನವರೋ. ಒಬ್ಬಳು ಅರ್ಧ ಬಿಡಿಸಿ ಕಳಿಸಿದರೆ ಇನ್ನೊಬ್ಬಳು ಮುಗಿಸುತ್ತಿದ್ದಳು. ಮುಚ್ಚಿದ ಬಾಗಿಲ ಹಿಂದಿನಿಂದ ಆಗಾಗ ಮಾತು ಕೇಳಿಸುತ್ತಿತ್ತು. ಒಮ್ಮೊಮ್ಮೆ ನಗು ಕೂಡ.

ಆ ನಗು ಏಣಿಯಣ್ಣನಿಗೆ ಕರುಳಿಗೆ ಚುಚ್ಚಿದ ಹಾಗಾಗುತ್ತಿತ್ತು. ಹೆತ್ತವರ ಹತ್ತಿರ ಒಂದು ಮಾತಿಲ್ಲ, ಮುಖ ಕಾಣದ ಯಾರ ಹತ್ತಿರವೋ ನಗುತ್ತಾಳಲ್ಲ ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದ. ಅದರ ಹಿಂದೆ ಭಯವೂ ಇತ್ತು. ಆ ತಂತಿಯಲ್ಲಿ ಏನೆಲ್ಲ ಬರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅತ್ತ ಕಡೆ ಇರುವುದು ಹುಡುಗಿಯೋ, ಹುಡುಗಿಯ ಹೆಸರಿಟ್ಟುಕೊಂಡ ಕೋಣನಂಥ ಗಂಡಸೋ? ಆ ಭಯ ಸುಳ್ಳು ಎಂದು ನಾನು ಹೇಳಲಾರೆ. ಮಕ್ಕಳಿರುವ ಯಾರೂ ಹೇಳಲಾರರು.

ಒಂದು ಮಧ್ಯಾಹ್ನ, ಹೆಂಡತಿ ಬಟ್ಟೆ ಅಂಗಡಿಯ ಕೆಲಸಕ್ಕೆ ಹೋಗಿದ್ದಾಗ, ಅವನು ತನ್ನ ಮನೆಯ ಎದುರಿನ ಕಂಬಕ್ಕೆ ಏಣಿ ಒರಗಿಸಿ ಹತ್ತಿದ. ಕಂಬದ ಮೇಲಿನ ಕೇಬಲ್ ಪೆಟ್ಟಿಗೆ ತೆರೆದು, ಸಾಲಾಗಿದ್ದ ತಂತಿಗಳಲ್ಲಿ ತನ್ನ ಮನೆಯದ್ದನ್ನು ಕಿತ್ತ. ಕೈಯ ಅಭ್ಯಾಸ ನೋಡಿ, ಕಿತ್ತ ತಂತಿಯ ತುದಿಗೆ ಧೂಳು ಕೂರದಿರಲಿ ಎಂದು ಪುಟ್ಟ ಪ್ಲಾಸ್ಟಿಕ್ ಟೋಪಿ ಹಾಕಿಯೇ ಪೆಟ್ಟಿಗೆ ಮುಚ್ಚಿದ. ಮನೆಗೆ ಹೋಗಿ, ಮೇಲಿನ ದೊಡ್ಡ ಲೈನ್ ಕೆಟ್ಟಿದೆ, ಕಂಪನಿಯವರು ಬದಲಾಯಿಸಬೇಕು, ನನ್ನ ಕೈಯಲ್ಲಿಲ್ಲ ಎಂದ. ಬೇಜಾರಾದರೆ ತಾನಾಗಿಯೇ ಹೊರಗೆ ಬರುತ್ತಾಳೆ ಎನ್ನುವುದು ಅವನ ಲೆಕ್ಕಾಚಾರ.

ಅವಳು ಬರಲಿಲ್ಲ. ಅಮ್ಮನನ್ನು ಒಮ್ಮೆ, ಲೈನ್ ಯಾವಾಗ ಬರುತ್ತೆ ಎಂದು ಕೇಳಿದಳಂತೆ. ಅಪ್ಪನನ್ನು ಕೇಳಲೇ ಇಲ್ಲ. ಬಾಗಿಲ ಹಿಂದಿನ ಮಾತು ನಿಂತಿತು, ನಗು ನಿಂತಿತು. ಹೊರಗಿಟ್ಟ ತಟ್ಟೆ ಇಟ್ಟ ಹಾಗೇ ಇರತೊಡಗಿತು. ಏಣಿಯಣ್ಣನಿಗೆ ಹೆದರಿಕೆಯಾಗಿ ಅವಳ ಸೋದರಮಾವನಿಗೆ ಫೋನ್ ಮಾಡಿದರೆ ಆ ಮಹಾನುಭಾವ ಹೇಳಿದ್ದು: ಚಟ ಬಿಡುವಾಗ ಹೀಗೇ, ಮೊದಲು ಜಾಸ್ತಿಯಾಗಿ ಆಮೇಲೆ ಇಳಿಯುತ್ತದೆ, ಈಗ ಸಡಿಲ ಬಿಟ್ಟರೆ ಮಾಡಿದ್ದೆಲ್ಲ ನೀರು ಪಾಲು. ಅಲ್ಲಿಗೆ ಇವನು ಸಿಕ್ಕಿಬಿದ್ದ. ಮಗಳು ಬಾಡಿದಷ್ಟೂ ಮದ್ದು ಹತ್ತುತ್ತಿದೆ ಎಂದುಕೊಂಡ. ಅವಳು ಇನ್ನಷ್ಟು ಸುಮ್ಮನಾದರೆ ಇನ್ನೊಂದು ದಿನ ನೋಡೋಣ ಎಂದುಕೊಂಡ.

ಮನೆಯಲ್ಲಿ ಹೆಂಡತಿಗೆ ಸುಳ್ಳು, ಬೀದಿಯಲ್ಲಿ ನೆರೆಯವರಿಗೆ ಸುಳ್ಳು. ಊರಿಗೆಲ್ಲ ಲೈನ್ ಕೊಡೋನ ಮನೇಲೇ ಲೈನ್ ಇಲ್ವಂತೆ ಎಂದು ಪಕ್ಕದ ಮನೆಯವರು ನಗಾಡಿದರೆ ಇವನೂ ಹಲ್ಲು ಬಿಡಬೇಕು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಪಾಡು. ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಕೆಲಸ ಮುಗಿದರೂ ಮನೆಗೆ ಹೋಗದೆ, ಬೇರೆಯವರ ಬೀದಿಯ ದೂರುಗಳನ್ನೂ ತಾನೇ ಕೇಳಿ ತೆಗೆದುಕೊಳ್ಳುತ್ತಿದ್ದದ್ದಷ್ಟೇ ಕಾಣುತ್ತಿತ್ತು. ಇದೇನು, ಏಣಿಗೆ ಮನೆ ಬೇಡವಾಯಿತಾ ಎಂದು ತಮಾಷೆ ಮಾಡಿದೆ. ಅವನು ನಗಲಿಲ್ಲ.

ಒಂದು ದಿನ ಊಟದ ಹೊತ್ತಿಗೆ ಫೋನ್ ಬಂತು. ಎಳೆಯ ದನಿ, ಪಿಸುಮಾತಿಗಿಂತ ಒಂದಿಷ್ಟೇ ಜೋರು.

"ಆಂಟಿ, ನಿಮ್ಮ ಆಫೀಸಲ್ಲಿ ಏಣಿ ಅಂತ ಯಾರಾದ್ರೂ ಕೆಲಸ ಮಾಡ್ತಾರಾ?"

ಯಾವುದೋ ಹುಡುಗಿ ಆಟ ಆಡುತ್ತಿದ್ದಾಳೆ ಎಂದು ಗದರಬೇಕೆಂದಿದ್ದೆ. ಆದರೆ ಮೆಲ್ಲಗೆ ಮಾತಾಡುವವರ ಬಗ್ಗೆ ನನ್ನ ನಂಬಿಕೆ ಹೇಳಿದೆನಲ್ಲ. ಹೌದು, ಇದ್ದಾರೆ ಎಂದೆ. ಆ ಕಡೆ ದೊಡ್ಡದೊಂದು ಉಸಿರು ಬಿಟ್ಟ ಸದ್ದಾಯಿತು. ನಮ್ಮ ಕಂಪನಿಯ ಆಫೀಸು ಎಲ್ಲೆಲ್ಲಿದೆಯೋ ಅಲ್ಲಿಗೆಲ್ಲ ಫೋನ್ ಮಾಡಿ ಇದನ್ನೇ ಕೇಳಿದ್ದಳಂತೆ. ಕೆಲವರು ನಕ್ಕು ಇಟ್ಟರಂತೆ, ಕೆಲವರು ಬೈದು ಇಟ್ಟರಂತೆ. ಅವರ ಮನೆ ಲೈನ್ ಹೋಗಿದೆ, ದೂರು ಕೊಡಬೇಕು ಎಂದಳು. ನೀನು ಯಾರಮ್ಮ ಎಂದರೆ, ಅವರ ಮಗಳ ಫ್ರೆಂಡ್, ಗುಂಪಿನಲ್ಲಿ ಎಲ್ಲರೂ ಗುಬ್ಬಿ ಅಂತಾರೆ, ಅವಳನ್ನು ಇವತ್ತಿನವರೆಗೆ ಎದುರಿಗೆ ನೋಡಿಲ್ಲ ಎಂದಳು. ಅಪ್ಪನ ಕಂಪನಿಯ ಹೆಸರನ್ನೂ ಅಡ್ಡಹೆಸರನ್ನೂ ಮಗಳು ಯಾವಾಗಲೋ ನಗುತ್ತಾ ಹೇಳಿದ್ದು ಬಿಟ್ಟರೆ ಅವಳಿಗೆ ಬೇರೆ ಗುರುತಿರಲಿಲ್ಲ. ಹೇಳದೆ ಕೇಳದೆ ಒಬ್ಬಳು ಕಾಣದಾದರೆ ಇನ್ನೊಬ್ಬಳು ಹುಡುಕಬೇಕು ಎಂದು ಇಬ್ಬರೂ ಮಾತು ಕೊಟ್ಟುಕೊಂಡಿದ್ದರಂತೆ.

ಬರೆದುಕೊಂಡೆ, ಇವತ್ತೇ ಲೈನ್ ಸರಿ ಮಾಡಿಸುತ್ತೇನೆ ಎಂದೆ.

"ಲೈನ್ ಆಮೇಲೆ ಮಾಡಿದ್ರೂ ಪರವಾಗಿಲ್ಲ ಆಂಟಿ. ಮೊದಲು ಯಾರಾದ್ರೂ ಹೋಗಿ ಅವಳನ್ನ ನೋಡಿ. ಅವಳಿಗೆ ಆಗಾಗ ಬದುಕೋದೇ ಬೇಡ ಅನ್ಸುತ್ತೆ. ಬಾಗಿಲ ಹತ್ರ ಕೂತು ನೇರವಾಗಿ ಕೇಳೋಕೆ ಹೇಳಿ. ಕೇಳಿದ್ರೆ ಹೇಳ್ತಾಳೆ."

ಏಣಿಯಣ್ಣನಿಗೆ ಫೋನ್ ಹಚ್ಚಿದೆ. ಯಾವುದೋ ಕಂಬದ ಮೇಲಿದ್ದ. ಕೆಳಗೆ ಇಳಿದು ಮಾತಾಡು ಎಂದೆ, ಇಳಿಯುವ ತನಕ ಸುಮ್ಮನಿದ್ದೆ. ಆಮೇಲೆ, ದೂರು ಬಂದಿದೆ, ನಿನ್ನ ಮನೆಯದ್ದೇ ಎಂದೆ. ನಕ್ಕ. ಯಾರು, ನಿನ್ನ ಅತ್ತಿಗೆ ಕೊಟ್ಟಳಾ ಎಂದ. ಗುಬ್ಬಿ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವನು ಮಾತಾಡಿದಾಗ ಅದು ಅವನ ದನಿಯ ಹಾಗಿರಲಿಲ್ಲ.

"ತಂಗಿ, ಲೈನ್ ಕೆಟ್ಟಿಲ್ಲ. ಕಿತ್ತಿದ್ದು ನಾನೇ."

ಅಷ್ಟು ಹೇಳಿ ಓಡಿದ. ಜೀವಮಾನದಲ್ಲಿ ಒಮ್ಮೆಯೂ ಏಣಿ ಬಿಟ್ಟು ಹೋಗದವನು ಅವತ್ತು ಅದನ್ನು ಕಂಬಕ್ಕೆ ಒರಗಿಸಿದ ಹಾಗೇ ಬಿಟ್ಟು ಹೋದ.

ಮುಂದಿನದ್ದು ಅವನೇ ನನಗೆ ಹೇಳಿದ್ದು. ಬಾಗಿಲು ತಟ್ಟಿದನಂತೆ, ಉತ್ತರವಿಲ್ಲ. ಒಳಗೆ ಮಂಚ ಕಿರುಗುಟ್ಟಿದ ಸದ್ದು ಕೇಳುವವರೆಗೆ ಜೀವದಲ್ಲಿ ಜೀವವಿರಲಿಲ್ಲವಂತೆ. ಇದ್ದಾಳೆ ಎಂದು ಗೊತ್ತಾದ ಮೇಲೆ ಅಲ್ಲೇ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಬೆಲ್ಟ್ ಬಿಚ್ಚಿರಲಿಲ್ಲ. ಅದರ ಕೊಕ್ಕೆ ನೆಲಕ್ಕೆ ಒತ್ತುತ್ತಿತ್ತು.

"ಪುಟ್ಟಿ, ಲೈನ್ ಕೆಟ್ಟಿರ್ಲಿಲ್ಲ. ನಾನೇ ಕಿತ್ತುಹಾಕಿದ್ದೆ."

ಒಳಗಿನಿಂದ ಮಾತು ಬಂತು. "ಗೊತ್ತಿತ್ತು. ನಿನ್ನ ಬೀದೀಲಿ ಹೋದ ಲೈನ್ ಸಂಜೆಯೊಳಗೆ ಬರುತ್ತಲ್ಲ."

"ಗೊತ್ತಿದ್ದೂ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ನೀನು ಹೌದು ಅಂದುಬಿಡ್ತಿದ್ದೆ. ಆಮೇಲೆ ನೀನೂ ಇಲ್ಲ, ನಂಗೆ ಯಾರೂ ಉಳೀತಿರ್ಲಿಲ್ಲ."

ಇದನ್ನು ಹೇಳುವಾಗ ಏಣಿಯಣ್ಣ ನನ್ನ ಎದುರು ಕೂತು, ಇಷ್ಟುದ್ದದ ಮನುಷ್ಯ, ಮಗುವಿನ ಹಾಗೆ ಅತ್ತ. ಮಗಳು ದಿನವೂ ಬಾಗಿಲ ಆಚೆ ಅಪ್ಪ ಓಡಾಡುವ ಸದ್ದು ಕೇಳುತ್ತಾ, ಅವನೇ ಕಿತ್ತದ್ದು ಎಂದು ತಿಳಿದೂ, ಅವನ ಸುಳ್ಳನ್ನೇ ಗಟ್ಟಿಯಾಗಿ ಹಿಡಿದುಕೊಂಡು ಮಲಗಿದ್ದಳು. ಅವನು ಒಳಗೆ ಹೋಗಲಾರದೆ ಆಚೆ, ಅವಳು ಹೊರಗೆ ಬರಲಾರದೆ ಈಚೆ.

ಗುಬ್ಬಿ ಫೋನ್ ಮಾಡಿದ್ದಳು, ನಿನ್ನನ್ನು ಊರೂರಲ್ಲಿ ಹುಡುಕಿದ್ದಾಳೆ ಎಂದು ಹೇಳಿದಾಗ ಒಳಗೆ ಅಳು ಶುರುವಾಯಿತು. ಏಣಿಯಣ್ಣ ಗುಬ್ಬಿ ಹೇಳಿಕೊಟ್ಟ ಹಾಗೆ, ನಾಲಿಗೆ ಹೊರಳದಿದ್ದರೂ ಹೊರಳಿಸಿ, ನೇರವಾಗಿ ಕೇಳಿದ: ಸಾಯಬೇಕು ಅನ್ನಿಸುತ್ತಾ ಎಂದು. ಅನ್ನಿಸುತ್ತೆ ಎಂದಳು. ಮೊದಲು ಯಾವಾಗಲಾದರೂ ಅನ್ನಿಸುತ್ತಿತ್ತು, ಗುಬ್ಬಿಗೆ ಹೇಳಿದರೆ ಸ್ವಲ್ಪ ಹಗುರಾಗುತ್ತಿತ್ತು, ಈಗ ಎದ್ದಾಗಿನಿಂದ ಮಲಗುವ ತನಕ ಅನ್ನಿಸುತ್ತೆ ಎಂದಳು. ಅಮ್ಮನ ಹತ್ತಿರ ಹೇಳು, ಡಾಕ್ಟರ ಹತ್ತಿರ ಹೋಗು ಎಂದು ಗುಬ್ಬಿ ದಿನಾ ಬೆನ್ನು ಹತ್ತಿದ್ದಳಂತೆ. ಸರಿ, ಹೇಳುತ್ತೇನೆ ಎಂದು ಒಪ್ಪಿಕೊಂಡ ಮಾರನೆಯ ದಿನವೇ ಲೈನ್ ಹೋಯಿತಂತೆ.

ಹಾಗೆಲ್ಲ ಅನ್ನಬಾರದು ಎಂದು ಏಣಿಯಣ್ಣ ಹೇಳಲಿಲ್ಲ. ನಿನಗೇನು ಕಡಿಮೆ ಮಾಡಿದ್ದೇವೆ ಎಂದೂ ಕೇಳಲಿಲ್ಲ. ಇಷ್ಟು ದಿನದಲ್ಲಿ ಅವನು ಮಾಡಿದ ಮೊದಲ ಒಳ್ಳೆಯ ಕೆಲಸ ಅದು. ನಾಳೆ ಮೂವರೂ ಡಾಕ್ಟರ ಹತ್ತಿರ ಹೋಗೋಣ, ಇವತ್ತು ನಾನು ಇಲ್ಲಿಂದ ಏಳುವುದಿಲ್ಲ ಎಂದನಂತೆ. ಚಿಲಕ ತೆಗೆದ ಸದ್ದಾಯಿತು. ಬಾಗಿಲು ತೆರೆದದ್ದು ಒಂದು ಗೇಣು ಮಾತ್ರ.

ಅಷ್ಟು ಹೊತ್ತಿಗೆ ನಾನು ಆಫೀಸಿನ ವ್ಯಾನಿನ ಮೇಲೆ ಅವನ ಏಣಿ ಕಟ್ಟಿಸಿಕೊಂಡು ಅಲ್ಲಿಗೆ ಹೋದೆ. ದಾರಿಯಲ್ಲಿ ಅತ್ತಿಗೆಯನ್ನೂ ಅಂಗಡಿಯಿಂದ ಕರೆದುಕೊಂಡೆ. ವಿಷಯ ಕೇಳಿ ಅವರು ಗಂಡನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅವರು ಸೀದಾ ಮಗಳ ಕೋಣೆಗೆ ಹೋದರು. ಅಮ್ಮ ಒಳಗೆ ಕೂತ ಮೇಲೆಯೇ ಏಣಿಯಣ್ಣ ಎದ್ದು ಕಂಬ ಹತ್ತಿದ. ತುದಿಯ ಟೋಪಿ ತೆಗೆಯಲು ಎಷ್ಟು ಹೊತ್ತು ಹಿಡಿಯಿತೆಂದರೆ, ಕೆಳಗೆ ಏಣಿ ಹಿಡಿದುಕೊಂಡಿದ್ದ ನನ್ನ ಕುತ್ತಿಗೆ ನೋಯಿತು. ಮೋಡೆಮ್‌ನ ಕೆಂಪು ದೀಪ ಹಸಿರಾಯಿತು ಎಂದು ಅತ್ತಿಗೆ ಕಿಟಕಿಯಿಂದ ಹೇಳಿದರು. ಅವನು ಇಳಿದು ಬಂದ. ಕೇಳಿ ಮುಚ್ಚು ಎಂದು ಹೇಳಲಿಲ್ಲ.

ಆದರೂ ಪದ್ಧತಿ ಪದ್ಧತಿಯೇ. ಆಫೀಸಿಗೆ ಮರಳಿ ಗುಬ್ಬಿಗೆ ಫೋನ್ ಮಾಡಿದೆ. ಲೈನ್ ಬಂದಿದೆ, ದೂರು ಮುಚ್ಚಲಾ ಎಂದು ಕೇಳಿದೆ.

"ಲೈನ್ ಬಂದಿದೆ ಆಂಟಿ, ಮಾತಾಡಿದ್ಲು. ಆದ್ರೆ ಅವಳು ಇನ್ನೂ ಸರಿ ಹೋಗಿಲ್ವಲ್ಲ. ಮುಚ್ಬೇಡಿ."

ಮುಚ್ಚಲಿಲ್ಲ. ಹಳೆಯ ದೂರೊಂದು ಯಾಕೆ ಹಾಗೇ ಇದೆ ಎಂದು ಮ್ಯಾನೇಜರು ಕೇಳಿದಾಗಲೆಲ್ಲ, ದೂರು ಕೊಟ್ಟವರು ಸರಿಯಾಯಿತು ಎಂದು ಹೇಳಿಲ್ಲ ಸಾರ್, ನಿಯಮ ನೀವೇ ಮಾಡಿದ್ದು ಎನ್ನುತ್ತೇನೆ.

ಡಾಕ್ಟರು ಸಿಕ್ಕಿದರು, ಒಳ್ಳೆಯ ಹೆಂಗಸು. ಮಾತ್ರೆ ಕೊಟ್ಟರು. ವಾರವಾರ ಕೂರಿಸಿ ಮಾತಾಡಿಸುತ್ತಾರೆ. ಗುಬ್ಬಿಯ ಅಮ್ಮನೂ ನಮ್ಮ ಅತ್ತಿಗೆಯೂ ಫೋನಿನಲ್ಲಿ ಮುಖ ನೋಡಿಕೊಂಡು ಮಾತಾಡಿದರು. ಗುಬ್ಬಿಯೂ ಒಂದು ಕಾಲಕ್ಕೆ ಹೀಗೇ ಬಾಗಿಲು ಹಾಕಿಕೊಂಡವಳೇ ಎಂದು ಆಗ ತಿಳಿಯಿತು. ಇಷ್ಟಾದರೂ ಎಲ್ಲ ಮಂತ್ರ ಹಾಕಿದಂತೆ ಸರಿಯಾಗಿಬಿಡಲಿಲ್ಲ. ಒಂದು ದಿನ ಬಾಗಿಲು ತೆರೆದಿದ್ದರೆ ಮತ್ತೆ ಕೆಲವು ದಿನ ಮುಚ್ಚಿರುತ್ತದೆ. ಶಾಲೆಯ ಮಾತು ಎತ್ತುವ ಹಾಗಿಲ್ಲ. ಸಾಯುವ ಯೋಚನೆ ತಲೆಗೆ ಬಂದಾಗ ಮೊದಲು ಯಾರಿಗೆ ಹೇಳುತ್ತೀ ಎಂದು ಡಾಕ್ಟರು ಕೇಳಿದ್ದಕ್ಕೆ ಅವಳು, ಅಮ್ಮನಿಗೆ, ಗುಬ್ಬಿಗೆ ಎಂದಳಂತೆ. ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಅಪ್ಪನ ಹೆಸರು ಹೇಳಲಿಲ್ಲ. ಡಾಕ್ಟರು ಕಾದರಂತೆ. ಆಗಲೂ ಹೇಳಲಿಲ್ಲ.

ಏಣಿಯಣ್ಣ ಅದನ್ನು ನುಂಗಿಕೊಂಡ. ಅವಳ ಬಾಗಿಲು ತಟ್ಟಲು ಅವನಿಗೆ ಧೈರ್ಯವಿಲ್ಲ, ಅಲ್ಲಿಂದ ಎದ್ದು ಹೋಗಲು ಮನಸ್ಸಿಲ್ಲ. ಕೆಲಸ ಮುಗಿಸಿ ಬಂದವನು ಪಡಸಾಲೆಯಲ್ಲಿ, ಅವಳಿಗೆ ಬೇಕೆಂದರೆ ಕಾಣುವ ಹಾಗೆ, ಬೇಡವೆಂದರೆ ಕಾಣದ ಹಾಗೆ ಕೂತು ತನ್ನ ಸಾಮಾನು ಒರೆಸುತ್ತಿರುತ್ತಾನೆ. ಒರೆಸಿದ್ದನ್ನೇ ಒರೆಸುತ್ತಾನೆ ಎಂದು ಅತ್ತಿಗೆ ಹೇಳುತ್ತಾರೆ. ಬೀದಿಯ ಜಂಬವನ್ನು ಮಾತ್ರ ಪೂರ್ತಿ ಬಿಟ್ಟಿದ್ದಾನೆ.

ಮೊನ್ನೆ ಮಧ್ಯಾಹ್ನ ಅವನ ನಂಬರಿನಿಂದ ಫೋನ್ ಬಂತು. ಏನಣ್ಣ ಎಂದೆ. ಮಾತಾಡಿದ್ದು ಅವನಲ್ಲ.

"ಆಂಟಿ, ನಾನು. ಗುಬ್ಬಿ ನಿನ್ನೆಯಿಂದ ಕಾಣ್ತಿಲ್ಲ. ಅವಳಮ್ಮನ ಫೋನೂ ಹೋಗ್ತಿಲ್ಲ. ಅವಳ ಊರಲ್ಲಿರೋ ನಿಮ್ಮ ಕಂಪನಿ ಆಫೀಸ್‌ಗೆ ದೂರು ಕೊಡ್ಬೇಕು. ಲೈನ್ ಆಮೇಲೆ, ಮೊದಲು ಯಾರಾದ್ರೂ ಅವಳನ್ನ ನೋಡಿ ಬರ್ಲಿ."

ಇಷ್ಟು ಉದ್ದ ಅವಳು ಮಾತಾಡಿ ಎಷ್ಟು ಕಾಲವಾಗಿತ್ತು! ಅಮ್ಮ ಮನೆಯಲ್ಲಿದ್ದಾರಾ ಎಂದು ಕೇಳಿದೆ. ಅಂಗಡಿಗೆ ಹೋಗಿದ್ದಾರೆ ಎಂದಳು.

"ಅಪ್ಪಂಗೆ ಹೇಳ್ದೆ. ಆಂಟಿಗೆ ನೀನೇ ಮಾಡು ಅಂತ ಫೋನ್ ಕೊಟ್ರು. ಇಲ್ಲೇ ಬಾಗಿಲ ಹತ್ರ ಕೂತಿದ್ದಾರೆ."

ಕೆಲಸ ಮೊದಲು. ಗುಬ್ಬಿಯ ಊರಿನ ಆಫೀಸಿಗೆ ಫೋನ್ ಮಾಡಿ, ಅಲ್ಲಿ ಕೂತವಳಿಗೆ ನನ್ನ ಕಿವಿಗೆ ಬಿದ್ದ ಬೈಗುಳಗಳನ್ನೆಲ್ಲ ನೆನಪಿಸಿಕೊಂಡು ಬೈಯುವ ಮೊದಲೇ ಅವಳು ಆಳು ಕಳಿಸಿದಳು. ರಸ್ತೆ ಅಗೆಯುವವರು ಇಡೀ ಬೀದಿಯ ಕೇಬಲ್ ಕಡಿದುಹಾಕಿದ್ದರು. ಆ ಕೇಬಲ್ ನಂಬಿಕೊಂಡ ಟವರಿನ ಮೊಬೈಲ್ ಸಿಗ್ನಲ್ ಕೂಡ ಹೋಗಿತ್ತು. ಗುಬ್ಬಿ ಮನೆಯಲ್ಲೇ ಇದ್ದಳು, ಚೆನ್ನಾಗಿದ್ದಳು, ನಮ್ಮ ಹುಡುಗಿ ಹೆದರಿರುತ್ತಾಳೆ ಎಂದು ಅವಳೇ ಹೆದರಿಕೊಂಡಿದ್ದಳು. ಸಂಜೆಯೊಳಗೆ ಲೈನ್ ಬಂತು.

ದೂರು ಕೊಟ್ಟವಳ ಬಾಯಿಂದ ಕೇಳಬೇಕಲ್ಲ, ಏಣಿಯಣ್ಣನ ನಂಬರಿಗೆ ಮಾಡಿದೆ. ಅವಳೇ ಎತ್ತಿದಳು. ಗುಬ್ಬಿ ಸಿಕ್ಕಿದಳು, ಮಾತಾಡಿದೆ ಎಂದಳು. ಹಾಗಾದರೆ ಮುಚ್ಚಲಾ ಎಂದೆ. ಮುಚ್ಚಿ ಎಂದಳು. ನನಗೆ ಆಸೆ ತಡೆಯಲಾಗಲಿಲ್ಲ. ಎರಡನ್ನೂ ಮುಚ್ಚಲಾ ಎಂದು ಕೇಳಿಬಿಟ್ಟೆ.

ಹಿಂದೆ ಏಣಿಯಣ್ಣ ಕೆಮ್ಮಿದ್ದು ಕೇಳಿಸಿತು.

"ಅವಳದ್ದು ಮುಚ್ಚಿ ಆಂಟಿ," ಎಂದಳು. "ನಮ್ಮದು ಇನ್ನೂ ಸ್ವಲ್ಪ ದಿನ ಇರ್ಲಿ."